ಬೇಕಲದಿಂದ ಪಾಲೋಳೆಂವರೆಗೆ: ಕಡಲ ಕಿನಾರೆ ಪ್ರವಾಸಕ್ಕೆ ಹೊರಡುವ ಮುನ್ನ

ತುಲಾ ಮಾಸದ ಗುಡುಗು ಮಳೆ ಹಿಂದೆ ಸರಿಯುತ್ತಿದ್ದಂತೆ ಅರಬ್ಬೀ ಸಮುದ್ರದ ಬಣ್ಣ ಬದಲಾಗುತ್ತದೆ. ಹೊಳೆಗಳು ತಂದು ಸುರಿದ ಕೆಂಪು ನೀರು ತಿಳಿಯಾಗುತ್ತದೆ, ಅಲೆಗಳ ಅಬ್ಬರ ತಗ್ಗುತ್ತದೆ, ಆಕಾಶ ಶುಭ್ರವಾಗುತ್ತದೆ. ಶಾಲಾ ಪ್ರವಾಸ, ಮಹಿಳಾ ಸಂಘಗಳ ಪ್ರವಾಸ, ಕುಟುಂಬಗಳ ತೀರ್ಥಯಾತ್ರೆ ಎಲ್ಲವೂ ಆರಂಭವಾಗುವ ಕಾಲ ಇದು. ಕಾಸರಗೋಡು ಜಿಲ್ಲೆಯ ಬೇಕಲದಿಂದ ಹೊರಟು ಮಂಗಳೂರು, ಉಡುಪಿ, ಮುರ್ಡೇಶ್ವರ, ಗೋಕರ್ಣ, ಕಾರವಾರ ದಾಟಿ ಗೋವಾದ ಕಾಣಕೋಣ ತಾಲೂಕಿನ ಪಾಲೋಳೆಂವರೆಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ. ದೂರ. ದಾರಿಯುದ್ದಕ್ಕೂ ಒಂದರ ನಂತರ ಒಂದು ಬೀಚ್ ಸಿಗುತ್ತದೆ. ಎರಡು ತುದಿಗಳಲ್ಲೂ ಕನ್ನಡ ಬಲ್ಲವರಿದ್ದಾರೆ. ನಡುವೆ ಕರ್ನಾಟಕದ ಮೂರೂ ಕರಾವಳಿ ಜಿಲ್ಲೆಗಳು. ಗಡಿನಾಡಿನ ಕನ್ನಡಿಗರಿಗೆ ಕಡಿಮೆ ಖರ್ಚಿನಲ್ಲಿ, ಭಾಷೆಯ ತೊಂದರೆ ಇಲ್ಲದೆ ಮಾಡಬಹುದಾದ ಒಳ್ಳೆಯ ಪ್ರವಾಸ ಇದು.

ಆದರೆ ಈ ಪ್ರವಾಸಕ್ಕೆ ಇನ್ನೊಂದು ಮುಖವೂ ಇದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಆ ಬಳಿಕ ಅಲ್ಲಿನ ಬೀಚನ್ನು ಕೆಲ ಕಾಲ ಮುಚ್ಚಲಾಗಿತ್ತು. ಅದೇ ವರ್ಷದ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಲುಕಿ ಮೃತಪಟ್ಟರು. ಹೀಗೆ ಸಾಯುವವರಲ್ಲಿ ಒಳನಾಡಿನಿಂದ ಬಂದವರೇ ಹೆಚ್ಚು. ಕಡಲಿನ ಗುಣ ಗೊತ್ತಿಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಎಷ್ಟು ಬೀಚ್ ನೋಡಬೇಕು ಎಂದು ಲೆಕ್ಕ ಹಾಕುವ ಮೊದಲು, ಯಾವ ಬೀಚಿನಲ್ಲಿ ನೀರಿಗಿಳಿಯಬಹುದು, ಯಾವುದನ್ನು ದಡದಲ್ಲಿ ನಿಂತು ನೋಡಿ ಬರಬೇಕು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಆ ತೀರ್ಮಾನಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಯಾವಾಗ ಹೊರಡಬೇಕು?

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗಿನ ಅವಧಿ ಅತ್ಯುತ್ತಮ. ಆಗ ಮಳೆ ಇರುವುದು ಅಪರೂಪ, ಸಮುದ್ರ ಸಾಮಾನ್ಯವಾಗಿ ಶಾಂತ. ಹಗಲಿನ ಬಿಸಿಲು 32-33 ಡಿಗ್ರಿ ಸೆಲ್ಸಿಯಸ್ ತಲುಪಿದರೂ ಸಂಜೆಯ ಗಾಳಿ ಹಿತವಾಗಿರುತ್ತದೆ. ಸೋಲಾಪುರ, ಅಕ್ಕಲಕೋಟೆ ಕಡೆಯವರಿಗೆ ಬಿಸಿಲು ಹೊಸದಲ್ಲ, ಆದರೆ ಅಲ್ಲಿಯದು ಒಣ ಬಿಸಿಲು. ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಸೆಖೆ ಬೇಗ ಸುಸ್ತು ಮಾಡುತ್ತದೆ. ನೀಲಗಿರಿ, ತಾಳವಾಡಿಯ ತಂಪಿನಿಂದ ಬರುವವರು ಮೊದಲ ದಿನ ಮಧ್ಯಾಹ್ನದ ತಿರುಗಾಟ ಇಟ್ಟುಕೊಳ್ಳದಿರುವುದೇ ಲೇಸು.

ಡಿಸೆಂಬರ್ ಕೊನೆಯ ವಾರ ಮತ್ತು ಹೊಸ ವರ್ಷದ ದಿನಗಳಲ್ಲಿ ಗೋಕರ್ಣ ಹಾಗೂ ಗೋವಾದಲ್ಲಿ ಕೋಣೆ ಬಾಡಿಗೆ ವಿಪರೀತ ಏರುತ್ತದೆ, ರೈಲಿನಲ್ಲಿ ಸೀಟು ಸಿಗುವುದಿಲ್ಲ. ಜನವರಿ ಎರಡನೇ ವಾರದ ನಂತರ ಹೊರಟರೆ ಅದೇ ಬಿಸಿಲು, ಅದೇ ಕಡಲು, ಅರ್ಧ ಗದ್ದಲ. ಶಿವರಾತ್ರಿ ಸಮಯದಲ್ಲಿ ಗೋಕರ್ಣದಲ್ಲಿ ರಥೋತ್ಸವ ಇರುವುದರಿಂದ ಜನಸಂದಣಿ ಹೆಚ್ಚು. ದೇವರ ದರ್ಶನಕ್ಕೇ ಹೋಗುವವರು ಮಾತ್ರ ಆ ದಿನಗಳನ್ನು ಆರಿಸಿಕೊಳ್ಳಬಹುದು.

ಏಪ್ರಿಲ್, ಮೇ ತಿಂಗಳು ಮಕ್ಕಳಿಗೆ ರಜೆ. ಆದರೆ ಈ ತಿಂಗಳುಗಳಲ್ಲೇ ಕೇರಳದವರು 'ಕಳ್ಳಕ್ಕಡಲ್' ಎಂದು ಕರೆಯುವ ಅಪಾಯ ಹೆಚ್ಚು. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು ಎಂದು ಅದರ ಅರ್ಥ. ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಾರು ಕಿ.ಮೀ. ದೂರದ ದಕ್ಷಿಣ ಮಹಾಸಾಗರದಲ್ಲಿ ಬಿರುಗಾಳಿ ಎದ್ದಾಗ ಹುಟ್ಟಿದ ಉದ್ದನೆಯ ಅಲೆಗಳು ಕೆಲವು ದಿನಗಳ ನಂತರ ನಮ್ಮ ತೀರಕ್ಕೆ ಬಂದು ಅಪ್ಪಳಿಸುತ್ತವೆ. ಇಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ. ಆಕಾಶ ನೋಡಿ ಊಹಿಸಲು ಸಾಧ್ಯವೇ ಇಲ್ಲ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ 'ಇನ್‌ಕಾಯಿಸ್' ಇಂತಹ ಅಲೆಗಳ ಬಗ್ಗೆ ಮುಂಚಿತವಾಗಿ ಎಚ್ಚರಿಕೆ ನೀಡುತ್ತದೆ. ಮಲಯಾಳಂ ವಾರ್ತೆಗಳಲ್ಲಿ ಈ ಎಚ್ಚರಿಕೆ ತಪ್ಪದೆ ಬರುತ್ತದೆ. ಮಲಯಾಳಂ ತಿಳಿದ ನಮ್ಮ ಓದುಗರಿಗೆ ಇದೊಂದು ಅನುಕೂಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ನೋಡಲು ಭವ್ಯ, ಇಳಿಯಲು ಸಲ್ಲದು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ. ಹುಟ್ಟಿನಿಂದ ಕಡಲನ್ನೇ ನಂಬಿದವರ ದೋಣಿಗಳು ದಕ್ಕೆಯಲ್ಲಿ ನಿಂತಿರುವಾಗ ಪ್ರವಾಸಿಗರು ನೀರಿಗಿಳಿಯುವುದರಲ್ಲಿ ಅರ್ಥವಿಲ್ಲ.

ಕಡಲು ಎಳೆಯುವುದು ಹೇಗೆ?

ಕೆರೆ, ಬಾವಿ, ಕಾಲುವೆಯಲ್ಲಿ ಈಜು ಕಲಿತವರು ಕಡಲಿನಲ್ಲಿಯೂ ಈಜಬಲ್ಲೆವು ಎಂದು ಭಾವಿಸುತ್ತಾರೆ. ಕೆರೆಯ ನೀರು ನಿಂತಲ್ಲೇ ನಿಂತಿರುತ್ತದೆ. ಕಡಲಿನ ನೀರು ಹಾಗಲ್ಲ. ಅಲೆಗಳು ಒಂದರ ಹಿಂದೆ ಒಂದು ಬಂದು ದಡಕ್ಕೆ ನೀರನ್ನು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಹಿಂದೆ ಹೋಗಲೇಬೇಕು. ನೀರಿನ ಅಡಿಯಲ್ಲಿರುವ ಮರಳು ದಿಬ್ಬಗಳ ನಡುವೆ ಎಲ್ಲಿ ತಗ್ಗು ಇದೆಯೋ ಅಲ್ಲಿಂದ ಅದು ಕಿರಿದಾದ ಹೊಳೆಯಂತೆ ವೇಗವಾಗಿ ಹೊರಗೆ ಹರಿಯುತ್ತದೆ. ಇದನ್ನೇ 'ರಿಪ್ ಕರೆಂಟ್' ಎನ್ನುತ್ತಾರೆ. ಕನ್ನಡದಲ್ಲಿ ಸೆಳೆತ ಎನ್ನಬಹುದು. ಇದರ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು; ಒಲಿಂಪಿಕ್ ಈಜುಗಾರರೂ ಅದಕ್ಕೆ ಎದುರಾಗಿ ಈಜಲಾರರು.

ಇದರಲ್ಲಿ ಮೋಸ ಹೋಗುವ ಸಂಗತಿ ಒಂದಿದೆ. ಸೆಳೆತವಿರುವ ಜಾಗದಲ್ಲಿ ಅಲೆಗಳು ಒಡೆಯುವುದು ಕಡಿಮೆ. ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ಕಪ್ಪಾದ, ಶಾಂತವಾದ ನೀರು ಕಾಣಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು 'ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ' ಎಂದು ಅದೇ ಜಾಗವನ್ನು ಆರಿಸಿಕೊಳ್ಳುತ್ತಾರೆ. ನೊರೆ, ಕಸಕಡ್ಡಿ ದಡದಿಂದ ಕಡಲಿನ ಕಡೆಗೆ ಸಾಗುತ್ತಿದ್ದರೆ ಅಲ್ಲಿ ಸೆಳೆತ ಇದೆ ಎಂದೇ ತಿಳಿಯಬೇಕು.

ಬಂಡೆಗಳ ಪಕ್ಕ, ಕಲ್ಲಿನ ತಡೆಗೋಡೆಗಳ ಪಕ್ಕ ಹಾಗೂ ಅಳಿವೆ ಬಾಗಿಲುಗಳಲ್ಲಿ ಸೆಳೆತ ಸಾಮಾನ್ಯ. ನದಿ ಕಡಲನ್ನು ಸೇರುವ ಅಳಿವೆಗಳು ಈ ಕರಾವಳಿಯಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಕಾಸರಗೋಡಿನಲ್ಲಿ ಚಂದ್ರಗಿರಿ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆ, ಸಸಿಹಿತ್ಲುವಿನಲ್ಲಿ ನಂದಿನಿ ಮತ್ತು ಶಾಂಭವಿ, ಗಂಗೊಳ್ಳಿಯಲ್ಲಿ ಐದು ನದಿಗಳ ಸಂಗಮ, ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ, ಕಾರವಾರದಲ್ಲಿ ಕಾಳಿ. ಇಳಿತದ ಹೊತ್ತಿನಲ್ಲಿ ನದಿ ನೀರು, ಕಡಲ ನೀರು ಎರಡೂ ಒಟ್ಟಾಗಿ ಹೊರಗೆ ನುಗ್ಗುತ್ತವೆ. ಅಳಿವೆ ನೋಡಲು ಬಹಳ ಸುಂದರ. ಸ್ನಾನಕ್ಕೆ ಮಾತ್ರ ಅದು ಜಾಗವಲ್ಲ.

ಉಬ್ಬರ-ಇಳಿತದ ಲೆಕ್ಕವನ್ನೂ ತಿಳಿದಿರಬೇಕು. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಪ್ರತಿ ದಿನ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಮನೆಯ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ಇದ್ದರೆ ಅಷ್ಟಮಿಯ ಹತ್ತಿರದ ದಿನಗಳನ್ನು ನೋಡಿ ಪ್ರವಾಸ ಗೊತ್ತುಮಾಡಬಹುದು. ಆಯಾ ದಿನದ ಸಮಯವನ್ನು ದಡದಲ್ಲಿರುವ ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ.

ಒಂದು ವೇಳೆ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ನೇರವಾಗಿ ಈಜಲು ಹೋಗಬಾರದು. ಸುಸ್ತಾಗಿ ಮುಳುಗುವುದು ಹಾಗೆಯೇ. ಸೆಳೆತ ಮನುಷ್ಯನನ್ನು ಹೊರಕ್ಕೆ ಒಯ್ಯುತ್ತದೆಯೇ ಹೊರತು ಕೆಳಕ್ಕೆ ಎಳೆಯುವುದಿಲ್ಲ. ಆದ್ದರಿಂದ ಅಂಗಾತ ತೇಲುತ್ತಾ ಕೈ ಎತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಈಜಿ, ಅಲೆ ಒಡೆಯುವ ಜಾಗ ತಲುಪಿದ ಮೇಲೆ ಓರೆಯಾಗಿ ದಡಕ್ಕೆ ಬರಬೇಕು. ದಡದಲ್ಲಿ ಇದ್ದವರು ರಕ್ಷಿಸಲೆಂದು ಹಿಂದೆಯೇ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಮತ್ತೊಬ್ಬರು ಜೀವ ಕಳೆದುಕೊಂಡ ಪ್ರಸಂಗಗಳು ಹಲವು. ಖಾಲಿ ಕ್ಯಾನ್, ಟ್ಯೂಬ್, ಹಗ್ಗ ಏನಾದರೂ ಎಸೆದು ಜೀವರಕ್ಷಕರನ್ನು ಕರೆಯಬೇಕು.

ಊರಿನಿಂದ ಕಡಲಿಗೆ ದಾರಿ

ಕಾಸರಗೋಡಿನವರಿಗೆ ಕಡಲು ಮನೆ ಬಾಗಿಲಲ್ಲೇ ಇದೆ. ರಾಷ್ಟ್ರೀಯ ಹೆದ್ದಾರಿ 66 (ಹಿಂದಿನ 17) ಇಡೀ ದಾರಿಯುದ್ದಕ್ಕೂ ಸಾಗುತ್ತದೆ. ರೈಲಿನಲ್ಲಿ ಹೋಗುವವರು ಮಂಗಳೂರಿನಿಂದ ಮುಂದೆ ಕೊಂಕಣ ರೈಲ್ವೆ ಹಿಡಿಯಬೇಕು. ತಿರುವನಂತಪುರದಿಂದ ಮುಂಬಯಿಗೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ ಕಾಸರಗೋಡು, ಉಡುಪಿ, ಕಾರವಾರದಲ್ಲಿ ನಿಲ್ಲುತ್ತದೆ. ಸಣ್ಣ ನಿಲ್ದಾಣಗಳಿಗೆ ಮಂಗಳೂರು-ಮಡಗಾಂವ್ ನಡುವಿನ ಪ್ಯಾಸೆಂಜರ್ ಗಾಡಿ ಅನುಕೂಲ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆ ಇರುತ್ತದೆ.

ವಯನಾಡಿನವರು ಚುರಂ ಇಳಿದು ಕೋಯಿಕ್ಕೋಡ್ ಅಥವಾ ಕಣ್ಣೂರಿನಲ್ಲಿ ರೈಲು ಹತ್ತಬಹುದು. ನೀಲಗಿರಿಯವರಿಗೆ ಕೊಯಮತ್ತೂರಿನಿಂದ ಮಂಗಳೂರಿಗೆ ರೈಲು ಇದೆ. ಗೂಡಲೂರು ಅಥವಾ ಸುಲ್ತಾನ್ ಬತ್ತೇರಿಯಿಂದ ಮೈಸೂರು ಮಾರ್ಗವಾಗಿ ಹೋಗುವವರು ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಇರುವುದನ್ನು ಮರೆಯಬಾರದು. ತಾಳವಾಡಿಯವರು ಚಾಮರಾಜನಗರ, ಮೈಸೂರು, ಮಡಿಕೇರಿ ಮೂಲಕ ಮಂಗಳೂರು ತಲುಪಬಹುದು. ಹೊಸೂರು, ಮಡಕಶಿರಾದವರಿಗೆ ಬೆಂಗಳೂರಿನಿಂದ ಮಂಗಳೂರು ಹಾಗೂ ಕಾರವಾರಕ್ಕೆ ರೈಲು, ಬಸ್ಸು ಎರಡೂ ಇವೆ.

ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಮೊದಲು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟಿ ಮಾರ್ಗವಾಗಿ ಅಂಕೋಲಾಕ್ಕೆ ಇಳಿಯುವುದು ಸುಲಭ. ಆದೋನಿ, ರಾಯದುರ್ಗದವರಿಗೂ ಬಳ್ಳಾರಿ, ಹುಬ್ಬಳ್ಳಿ ಮೂಲಕ ಇದೇ ದಾರಿ. ಇವರು ಪ್ರವಾಸವನ್ನು ಬೇಕಲದಿಂದ ಆರಂಭಿಸಬೇಕಾಗಿಲ್ಲ. ಗೋಕರ್ಣ ಅಥವಾ ಕಾರವಾರದಲ್ಲಿ ಆರಂಭಿಸಿ ದಕ್ಷಿಣಕ್ಕೆ ಬಂದರೆ ಒಂದು ದಿನ ಉಳಿಯುತ್ತದೆ.

ದಾರಿಯ ಬೀಚುಗಳು

ಬೇಕಲ: ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಸುಮಾರು 40 ಎಕರೆ ವಿಸ್ತಾರವಾಗಿದ್ದು, ಕೇರಳದಲ್ಲೇ ಅತಿ ದೊಡ್ಡದು. ಕೋಟೆಯ ಬುಡದಲ್ಲಿ ಬಂಡೆಗಳಿಗೆ ಅಲೆ ಬಡಿಯುವ ಜಾಗ ಫೋಟೋಗೆ ಚೆನ್ನ, ಇಳಿಯಲು ಅಲ್ಲ. ಪಕ್ಕದ ಪಳ್ಳಿಕೆರೆ ಬೀಚಿನಲ್ಲಿ ವಿಶಾಲ ಮರಳ ದಂಡೆಯಿದೆ.

ಕಣ್ವತೀರ್ಥ ಮತ್ತು ಸೋಮೇಶ್ವರ: ಮಂಜೇಶ್ವರದ ಕಣ್ವತೀರ್ಥ ಗಡಿಗೆ ತಾಗಿದ ಪ್ರಶಾಂತ ಕಿನಾರೆ. ತಲಪಾಡಿ ದಾಟಿದರೆ ಉಳ್ಳಾಲ ಸಮೀಪದ ಸೋಮೇಶ್ವರ ಸಿಗುತ್ತದೆ. ಇಲ್ಲಿ ದೇವಸ್ಥಾನದ ಬಳಿ ದೊಡ್ಡ ಬಂಡೆಗಳಿವೆ, ಆಳವೂ ಸೆಳೆತವೂ ಹೆಚ್ಚು. ಉಳ್ಳಾಲದುದ್ದಕ್ಕೂ ಕಡಲ್ಕೊರೆತಕ್ಕೆ ಕಲ್ಲು ಹಾಕಲಾಗಿದೆ. ಎರಡನ್ನೂ ದಡದಿಂದಲೇ ನೋಡಿ ಮುಂದುವರಿಯುವುದು ಲೇಸು.

ಪಣಂಬೂರು: ನವಮಂಗಳೂರು ಬಂದರಿನ ಪಕ್ಕದಲ್ಲಿದೆ. ಮಂಗಳೂರಿನಿಂದ ಸಿಟಿ ಬಸ್ಸಿನಲ್ಲೇ ಹೋಗಬಹುದು. ಜೀವರಕ್ಷಕರು ಇದ್ದಾರೆ, ತಿಂಡಿ ಅಂಗಡಿಗಳಿವೆ. ಮಕ್ಕಳಿರುವ ಕುಟುಂಬಗಳಿಗೆ ಒಳ್ಳೆಯ ಆರಂಭ.

ಸಸಿಹಿತ್ಲು ಮತ್ತು ಪಡುಬಿದ್ರಿ: ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರ ಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದಿತ್ತು. ಸರ್ಫಿಂಗಿಗೆ ಒಳ್ಳೆಯ ಅಲೆ ಇದೆ ಎಂದರೆ ಈಜು ಬಾರದವರಿಗೆ ಅದು ಸ್ಥಳವಲ್ಲ ಎಂದೇ ಅರ್ಥ. ಅಲ್ಲಿಂದ ಉತ್ತರಕ್ಕಿರುವ ಪಡುಬಿದ್ರಿ ಎಂಡ್ ಪಾಯಿಂಟ್ ಬೀಚಿಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ದೊರೆಯಿತು. ಡೆನ್ಮಾರ್ಕ್ ಮೂಲದ ಸಂಸ್ಥೆಯೊಂದು ನೀರಿನ ಶುದ್ಧತೆ, ಸುರಕ್ಷತೆ, ಶೌಚಾಲಯ ಮುಂತಾದ 33 ಮಾನದಂಡಗಳನ್ನು ನೋಡಿ ಇದನ್ನು ಕೊಡುತ್ತದೆ. ಸ್ನಾನಕ್ಕೆ ಗುರುತಿಸಿದ ಜಾಗ, ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ ಇರುವುದರಿಂದ ಮಹಿಳೆಯರಿಗೆ ಅನುಕೂಲ.

ಕಾಪು: 1901ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ. ಸಂಜೆ ಹೊತ್ತು ಮೇಲಕ್ಕೆ ಹತ್ತಿ ನೋಡಲು ಅವಕಾಶವಿರುತ್ತದೆ. ಸೂರ್ಯಾಸ್ತಕ್ಕೆ ಇದಕ್ಕಿಂತ ಉತ್ತಮ ಸ್ಥಳ ಕಡಿಮೆ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿ ಕೆಲವೇ ನಿಮಿಷಕ್ಕೆ, ಐದಕ್ಕೆಲ್ಲ ಅಲ್ಲಿರಬೇಕು.

ಮಲ್ಪೆ ಮತ್ತು ಸೇಂಟ್ ಮೇರೀಸ್ ದ್ವೀಪ: ಮಲ್ಪೆ ದೊಡ್ಡ ಮೀನುಗಾರಿಕಾ ಬಂದರು. ಬೀಚಿನಲ್ಲಿ ಜೀವರಕ್ಷಕರಿದ್ದಾರೆ. ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಅಲ್ಲಿನ ಕಂಬದಂಥ ಕಲ್ಲುಗಳು ಯಾರೋ ಕೆತ್ತಿ ನಿಲ್ಲಿಸಿದಂತೆ ಕಾಣುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ ಹರಿದ ಲಾವಾರಸ ತಣ್ಣಗಾಗಿ ಬಿರುಕು ಬಿಟ್ಟಾಗ ಈ ಆಕಾರ ಬಂದಿದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದ್ವೀಪದ ಅಂಚಿನ ಕಲ್ಲುಗಳು ಜಾರುತ್ತವೆ, ನೀರು ಥಟ್ಟನೆ ಆಳವಾಗುತ್ತದೆ. ತಿಂಡಿ ಪೊಟ್ಟಣ, ಪ್ಲಾಸ್ಟಿಕ್ ಅಲ್ಲಿ ಬಿಟ್ಟು ಬರಬಾರದು.

ತ್ರಾಸಿ-ಮರವಂತೆ: ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಬಸ್ಸಿನ ಕಿಟಕಿಯಿಂದಲೇ ಎರಡನ್ನೂ ನೋಡಬಹುದು. ಇಲ್ಲಿ ಆಳ ಹೆಚ್ಚು, ಹೆದ್ದಾರಿಯ ವಾಹನಗಳ ಅಪಾಯವೂ ಇದೆ. ನೋಡಿ ಮುಂದುವರಿಯುವ ಬೀಚ್ ಇದು. ಕೊಲ್ಲೂರು ಮೂಕಾಂಬಿಕೆಯ ದರ್ಶನ ಬೇಕೆನ್ನುವವರು ಇಲ್ಲೇ ಒಳಗೆ ತಿರುಗಬೇಕು.

ಮುರ್ಡೇಶ್ವರ: 123 ಅಡಿ ಎತ್ತರದ ಶಿವನ ಮೂರ್ತಿ, 20 ಅಂತಸ್ತಿನ ರಾಜಗೋಪುರ ಎಲ್ಲರಿಗೂ ಗೊತ್ತು. ದೇವಸ್ಥಾನದ ಎರಡೂ ಬದಿಯಲ್ಲಿ ಕಡಲಿದೆ. ಗುರುತಿಸಿದ ಜಾಗ ಬಿಟ್ಟು ಎಲ್ಲಿಯೂ ಇಳಿಯಬಾರದು, ಸೀಟಿ ಊದಿದರೆ ಮರುಮಾತಿಲ್ಲದೆ ಮೇಲೆ ಬರಬೇಕು. ಶಾಲಾ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಮಕ್ಕಳನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೂ ಒಬ್ಬರು ದೊಡ್ಡವರನ್ನು ನೇಮಿಸಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸಬೇಕು. ಪಾದ ಮುಳುಗುವಷ್ಟು ನೀರೇ ಮಕ್ಕಳಿಗೆ ಸಾಕು.

ಕಾಸರಕೋಡ: ಹೆಸರು ಕೇಳಿ ಗೊಂದಲ ಬೇಡ. ಇದು ನಮ್ಮ ಕಾಸರಗೋಡಲ್ಲ, ಹೊನ್ನಾವರದ ಬಳಿ ಶರಾವತಿಯ ದಕ್ಷಿಣಕ್ಕಿರುವ ಊರು. ಪಡುಬಿದ್ರಿಯೊಂದಿಗೆ 2020ರಲ್ಲೇ ಬ್ಲೂ ಫ್ಲ್ಯಾಗ್ ಪಡೆದ ಇಕೋ ಬೀಚ್ ಇಲ್ಲಿದೆ. ನೀರಿಗಿಳಿಯಬೇಕೆಂಬ ಆಸೆಯನ್ನು ಈಡೇರಿಸಿಕೊಳ್ಳಲು ಉತ್ತರ ಕನ್ನಡದಲ್ಲಿ ಇದು ಯೋಗ್ಯ ಜಾಗ.

ಗೋಕರ್ಣ: ಮಹಾಬಲೇಶ್ವರ ದೇವಸ್ಥಾನದ ಎದುರಿನ ಬೀಚ್ ಅಲ್ಲದೆ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿವೆ. ಕುಡ್ಲೆ ಮತ್ತು ಓಂ ಬೀಚಿಗೆ ರಿಕ್ಷಾದಲ್ಲಿ ಹತ್ತಿರದವರೆಗೆ ಹೋಗಬಹುದು. ಮುಂದಿನ ಎರಡಕ್ಕೆ ಗುಡ್ಡ ಹತ್ತಿಳಿಯುವ ಕಾಲುದಾರಿ ಅಥವಾ ದೋಣಿಯೇ ಗತಿ. ವಯಸ್ಸಾದವರು ಓಂ ಬೀಚಿನಲ್ಲೇ ಉಳಿಯುವುದು ಒಳ್ಳೆಯದು. ಬಂಡೆಯ ತುದಿಯಲ್ಲಿ ನಿಂತು ಸೆಲ್ಫಿ ತೆಗೆಯುವುದು ಇಲ್ಲಿನ ದೊಡ್ಡ ಅಪಾಯ. ಒದ್ದೆ ಬಂಡೆ ಎಂದರೆ ಅಲೆ ಅಲ್ಲಿಯವರೆಗೆ ಬರುತ್ತದೆ ಎಂದೇ ಲೆಕ್ಕ. ಗೋಕರ್ಣ ರೋಡ್ ರೈಲು ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ. ದೂರವಿದೆ.

ಕಾರವಾರ: ಪೇಟೆಗೆ ತಾಗಿಯೇ ರವೀಂದ್ರನಾಥ ಟಾಗೋರ್ ಬೀಚ್ ಇದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಕವಿ ಇಲ್ಲಿಗೆ ಬಂದು ತಂಗಿದ್ದರು. ದಡದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಮಕ್ಕಳಿಗೆ ಖುಷಿಯಾಗುವ ಜಾಗ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದುಬಿದ್ದಿತು. ಗೋವಾ ಗಡಿಯಲ್ಲಿರುವ ಮಾಜಾಳಿಯಿಂದ ಗುಡ್ಡದಾರಿಯಲ್ಲಿ ನಡೆದರೆ ಎಳ್ಳಿನಂಥ ಕಪ್ಪು ಮರಳಿನ ತಿಳಮಾತಿ ಕಿನಾರೆ ಸಿಗುತ್ತದೆ.

ಪಾಲೋಳೆಂ: ಕಾರವಾರದಿಂದ ಸುಮಾರು 40 ಕಿ.ಮೀ. ಅರ್ಧಚಂದ್ರಾಕಾರದ ಕೊಲ್ಲಿಯಾದ್ದರಿಂದ ಅಲೆ ಕಡಿಮೆ. ಗೋವಾದ ಬೀಚುಗಳಲ್ಲಿ 2008ರಿಂದ ವ್ಯವಸ್ಥಿತ ಜೀವರಕ್ಷಕ ಸೇವೆ ಇದೆ. ಸಮೀಪದ ಗಾಲ್ಜಿಬಾಗ್, ಆಗೊಂದ ಕಿನಾರೆಗಳಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಟಾರ್ಚ್ ಬೆಳಕು, ಗದ್ದಲ ಇದ್ದರೆ ಅವು ಮೊಟ್ಟೆ ಇಡದೆ ಹಿಂದಿರುಗುತ್ತವೆ. ಆಮೆ, ಮೊಟ್ಟೆ ಎರಡನ್ನೂ ಮುಟ್ಟುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ಎಷ್ಟು ದಿನ, ಎಲ್ಲಿ ತಂಗುವುದು?

ದಿನಕ್ಕೊಂದು ಊರಿನಲ್ಲಿ ಕೋಣೆ ಹಿಡಿದರೆ ಗಂಟುಮೂಟೆ ಕಟ್ಟುವುದರಲ್ಲೇ ಅರ್ಧ ಪ್ರವಾಸ ಮುಗಿಯುತ್ತದೆ. ಏಳು ದಿನ ಇದ್ದರೆ ಮೂರೇ ಕಡೆ ತಂಗಿದರೆ ಸಾಕು. ಮೊದಲ ದಿನ ಬೇಕಲ ನೋಡಿ ಕಾಸರಗೋಡಿನಲ್ಲಿ ರಾತ್ರಿ. ಎರಡನೇ ದಿನ ಪಣಂಬೂರು, ಪಡುಬಿದ್ರಿ, ಸಂಜೆ ಕಾಪು ಮುಗಿಸಿ ಉಡುಪಿಗೆ. ಮೂರನೇ ದಿನ ಬೆಳಗ್ಗೆ ದ್ವೀಪ, ಸಂಜೆ ಕೃಷ್ಣ ಮಠ. ನಾಲ್ಕನೇ ದಿನ ಮರವಂತೆ, ಮುರ್ಡೇಶ್ವರ, ಕಾಸರಕೋಡ ನೋಡುತ್ತಾ ಗೋಕರ್ಣ ತಲುಪಬಹುದು. ಉಡುಪಿಯಿಂದ ಗೋಕರ್ಣಕ್ಕೆ ಸುಮಾರು 180 ಕಿ.ಮೀ. ಇರುವುದರಿಂದ ಬೆಳಗ್ಗೆ ಬೇಗ ಹೊರಡಬೇಕು. ಐದನೇ ದಿನ ಪೂರ್ತಿ ಗೋಕರ್ಣದಲ್ಲಿ ವಿಶ್ರಾಂತಿ. ಆರನೇ ದಿನ ಅಲ್ಲಿಂದಲೇ ಕಾರವಾರಕ್ಕೆ ಹೋಗಿ ಬರಬಹುದು. ಏಳನೇ ದಿನ ಪಾಲೋಳೆಂ ನೋಡಿ ಕಾಣಕೋಣ ಅಥವಾ ಮಡಗಾಂವ್‌ನಲ್ಲಿ ರೈಲು.

ಮೂರೇ ದಿನ ಇದ್ದರೆ ಆಸೆ ಕಡಿಮೆ ಮಾಡಿಕೊಳ್ಳಬೇಕು. ದಕ್ಷಿಣದಿಂದ ಬರುವವರಿಗೆ ಪಣಂಬೂರು, ಪಡುಬಿದ್ರಿ, ಕಾಪು, ಮಲ್ಪೆ ಸಾಕು. ಉತ್ತರದಿಂದ ಬರುವವರಿಗೆ ಕಾರವಾರ, ಗೋಕರ್ಣ, ಕಾಸರಕೋಡ, ಮುರ್ಡೇಶ್ವರ. ದಿನಕ್ಕೆ ಎರಡು ಬೀಚಿಗಿಂತ ಹೆಚ್ಚು ಇಟ್ಟುಕೊಂಡರೆ ಕತ್ತಲಾದ ಮೇಲೆ ಗೊತ್ತಿಲ್ಲದ ಕಿನಾರೆಗೆ ತಲುಪಿ, 'ಇಷ್ಟು ದೂರ ಬಂದು ನೀರು ಮುಟ್ಟದೆ ಹೋಗುವುದೇ' ಎಂದು ಇಳಿಯುವ ಪರಿಸ್ಥಿತಿ ಬರುತ್ತದೆ. ಅವಸರವೇ ಹಲವು ದುರಂತಗಳ ಮೂಲ.

ಬಸ್ಸು, ಗುರುತು ಚೀಟಿ, ಗಡಿ

ಕರ್ನಾಟಕ ಸರಕಾರದ ಶಕ್ತಿ ಯೋಜನೆಯಂತೆ 2023ರ ಜೂನ್ 11ರಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಆದರೆ ಇದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ನಮ್ಮ ಮನೆಮಾತು ಕನ್ನಡವಾದರೂ ಆಧಾರ್ ಚೀಟಿಯಲ್ಲಿ ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರದ ವಿಳಾಸ ಇದ್ದರೆ ಟಿಕೆಟ್ ತೆಗೆಯಲೇಬೇಕು. ಅಂತಾರಾಜ್ಯ ಬಸ್ಸುಗಳಲ್ಲಿ ಯಾರಿಗೂ ಉಚಿತ ಇಲ್ಲ. ಮಂಗಳೂರು-ಉಡುಪಿ-ಕುಂದಾಪುರ ನಡುವೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಬಜೆಟ್ ಮಾಡುವಾಗ ಈ ಲೆಕ್ಕ ಬಿಟ್ಟುಹೋಗಬಾರದು.

ಲಾಡ್ಜುಗಳಲ್ಲಿ ಪ್ರತಿಯೊಬ್ಬ ವಯಸ್ಕರ ಗುರುತು ಚೀಟಿ ಕೇಳುತ್ತಾರೆ. ಗೋವಾದಿಂದ ಮರಳುವಾಗ ಮಾಜಾಳಿ ತಪಾಸಣಾ ಠಾಣೆಯಲ್ಲಿ ವಾಹನ ಪರಿಶೀಲಿಸುತ್ತಾರೆ. ಪರವಾನಿಗೆ ಇಲ್ಲದೆ ಅಲ್ಲಿಂದ ಮದ್ಯ ತಂದರೆ ಕೇಸು ಬೀಳುತ್ತದೆ.

ಭಾಷೆಯ ವಿಷಯದಲ್ಲಿ ಗಡಿನಾಡಿನವರು ಅದೃಷ್ಟವಂತರು. ಈ ದಾರಿಯಲ್ಲಿ ಮಲಯಾಳಂ, ತುಳು, ಬ್ಯಾರಿ, ಕುಂದಗನ್ನಡ, ನವಾಯತಿ, ಕೊಂಕಣಿ, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಎರಡು ಭಾಷೆ ಬಲ್ಲವರಿಗೆ ಮೂರನೆಯದು ಅರ್ಧ ಅರ್ಥವಾಗುತ್ತದೆ. ದಡದಲ್ಲಿ ಬಲೆ ಸರಿಪಡಿಸುತ್ತಿರುವ ಹಿರಿಯರೊಬ್ಬರ ಬಳಿ ಎರಡು ಮಾತು ಆಡಿ, 'ಇಲ್ಲಿ ಇಳಿಯಬಹುದಾ ಅಣ್ಣಾ?' ಎಂದು ಕೇಳಿದರೆ ಯಾವ ಫಲಕವೂ ಕೊಡದ ಮಾಹಿತಿ ಸಿಗುತ್ತದೆ. ಅವರು ಬೇಡ ಎಂದರೆ ಬೇಡ.

ಹೊರಡುವ ಮುನ್ನ ನೆನಪಿಡಿ

* ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಸ್ನಾನಕ್ಕೆ ಯೋಗ್ಯ. ಕೆಂಪು ಬಾವುಟ ಇದ್ದರೆ ನೀರಿಗಿಳಿಯಬಾರದು.
* ಜೀವರಕ್ಷಕರು ಇಲ್ಲದ ಬೀಚಿನಲ್ಲಿ ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ. ಸಂಜೆ ಕತ್ತಲಾದ ಮೇಲೆ ಎಲ್ಲಿಯೂ ಇಳಿಯಬೇಡಿ.
* ಸೀರೆ, ದುಪಟ್ಟಾ, ಪಂಚೆ ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ನೀರಿಗಿಳಿಯುವವರು ಮೈಗೆ ಹೊಂದುವ ಬಟ್ಟೆ ತನ್ನಿ.
* ಮದ್ಯಪಾನ ಮಾಡಿದವರನ್ನು ನೀರಿಗೆ ಬಿಡಬೇಡಿ.
* ಕಡಲಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲಬೇಡಿ. ದೊಡ್ಡ ಅಲೆ ಹೇಳಿ ಬರುವುದಿಲ್ಲ.
* ಅಂಬಲಿ ಮೀನು ಕುಟುಕಿದರೆ ಉಜ್ಜಬೇಡಿ, ಸಿಹಿ ನೀರಿನಲ್ಲಿ ತೊಳೆಯಬೇಡಿ. ಕಡಲ ನೀರಿನಲ್ಲೇ ತೊಳೆದು, ಉರಿ ಹೆಚ್ಚಾದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ವೈದ್ಯರ ಬಳಿ ಹೋಗಿ.
* ಕೊಡೆ, ಟೊಪ್ಪಿ, ಕುಡಿಯುವ ನೀರು, ಉಪ್ಪು-ಸಕ್ಕರೆ ಬೆರೆಸಿದ ಪಾನೀಯ ಜೊತೆಗಿರಲಿ. ಮಧ್ಯಾಹ್ನ 11ರಿಂದ 3ರವರೆಗೆ ನೆರಳಿನಲ್ಲಿರಿ.
* ತುರ್ತು ಸಂದರ್ಭದಲ್ಲಿ ಎಲ್ಲ ರಾಜ್ಯಗಳಲ್ಲೂ 112, ಕರಾವಳಿ ಪೊಲೀಸರಿಗೆ 1093, ತಟರಕ್ಷಣಾ ಪಡೆಗೆ 1554ಕ್ಕೆ ಕರೆ ಮಾಡಬಹುದು. ಈ ಮೂರು ಸಂಖ್ಯೆಗಳನ್ನು ಮನೆಯಿಂದ ಹೊರಡುವ ಮೊದಲೇ ಎಲ್ಲರ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.